ಬಾಗದ ಬಂಡೆ, ಬಾಗುವ ಮರ

ಸಾವಿನ ಮನೆಗೆ ಹೋದಾಗ ನಮ್ಮಲ್ಲಿ ಬಹುತೇಕರ ಬಾಯಿಂದ ಬರುವ ಮಾತು ಒಂದೇ: “ಮನಸ್ಸು ಗಟ್ಟಿ ಮಾಡಿಕೊಳ್ಳಿ.” ಸಾಲದಲ್ಲಿ ಮುಳುಗಿದವರಿಗೂ ಇದೇ ಮಾತು. ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೂ ಇದೇ ಮಾತು. ವೈದ್ಯರ ವರದಿಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತ ತಾಯಿಗೂ ಇದೇ ಮಾತು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಎಂದರೆ ಏನು ಮಾಡುವುದು? ಅಳದಿರುವುದೇ? ನೋವು ತಟ್ಟದಂತೆ ಇರುವುದೇ? ಬಂದದ್ದನ್ನೆಲ್ಲ ಬಾಯಿ ಮುಚ್ಚಿಕೊಂಡು ಸಹಿಸುವುದೇ? ಹೇಳುವವರಿಗೂ ಇದು ಸ್ಪಷ್ಟವಿಲ್ಲ, ಕೇಳುವವರಿಗೂ ಸ್ಪಷ್ಟವಿಲ್ಲ.

ಇದು ಮಾತಿನ ಚಮತ್ಕಾರದ ಪ್ರಶ್ನೆಯಲ್ಲ. ತಪ್ಪು ಉತ್ತರವನ್ನು ಹಿಡಿದುಕೊಂಡವರು ಅದಕ್ಕೆ ಬೆಲೆ ತೆರುತ್ತಾರೆ. ಹೆಂಡತಿ ತೀರಿಕೊಂಡಾಗ ಒಂದು ಹನಿ ಕಣ್ಣೀರನ್ನೂ ಸುರಿಸದ ಗಂಡಸನ್ನು “ಎಷ್ಟು ಗಟ್ಟಿ ಮನುಷ್ಯ” ಎಂದು ಊರು ಹೊಗಳುತ್ತದೆ. ಆರು ತಿಂಗಳಲ್ಲಿ ಆತ ಕುಡಿತಕ್ಕೆ ಬೀಳುತ್ತಾನೆ. ಗಂಡನ ಹೊಡೆತವನ್ನು ವರ್ಷಗಟ್ಟಲೆ ಮುಚ್ಚಿಟ್ಟ ಹೆಣ್ಣನ್ನು “ತಾಳ್ಮೆಯ ಮೂರ್ತಿ” ಎನ್ನುತ್ತೇವೆ. ಅಂತರಂಗದ ಸ್ಥಿರತೆ ಎಂದರೇನು ಎಂಬುದನ್ನು ನಾವು ಸರಿಯಾಗಿ ತಿಳಿದುಕೊಳ್ಳದಿದ್ದರೆ, ಒಳ್ಳೆಯ ಮಾತೇ ಒಬ್ಬರ ಮೇಲೆ ಹೊರೆಯಾಗಿ ಬೀಳಬಹುದು.

ಈ ಪ್ರಶ್ನೆಗೆ ಉತ್ತರ ಹುಡುಕಿದ ಹಿರಿಯರು ಅನೇಕ ಸಲ ಪ್ರಕೃತಿಯತ್ತ ಕಣ್ಣು ಹಾಯಿಸಿದ್ದಾರೆ. ಸ್ಥಿತಪ್ರಜ್ಞನನ್ನು ವರ್ಣಿಸುವಾಗ ಭಗವದ್ಗೀತೆ ಅಂಗಾಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯನ್ನೂ, ಎಷ್ಟು ನದಿಗಳು ಬಂದು ಸೇರಿದರೂ ಮೇರೆ ಮೀರದ ಸಮುದ್ರವನ್ನೂ ತೋರಿಸುತ್ತದೆ. ಪವಿತ್ರ ಬೈಬಲಿನ ಮೊದಲನೆಯ ಕೀರ್ತನೆ ನೀರ ಬದಿಯಲ್ಲಿ ನೆಟ್ಟ ಮರವನ್ನು ತೋರಿಸುತ್ತದೆ. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ (ಕ್ರಿ.ಶ. 121-180) ತನಗಾಗಿ ಬರೆದಿಟ್ಟುಕೊಂಡ ಟಿಪ್ಪಣಿಗಳಲ್ಲಿ ಅಲೆಗಳ ಹೊಡೆತಕ್ಕೆ ಎದೆಯೊಡ್ಡಿ ನಿಂತ ಕಡಲ ಬಂಡೆಯನ್ನು ತೋರಿಸುತ್ತಾನೆ. ಇವುಗಳಲ್ಲಿ ಬಂಡೆ ಮತ್ತು ಮರ, ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡೋಣ. ನಮ್ಮ ಬದುಕಿಗೆ ಯಾವುದು ಮಾದರಿ?

ಬಂಡೆಯ ಪಾಠ

ಬಂಡೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಮಾರ್ಕಸ್ ಅರೇಲಿಯಸ್ ಯುದ್ಧಭೂಮಿಯಲ್ಲಿ ವರ್ಷಗಳನ್ನು ಕಳೆದವನು, ಹಲವು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಮಣ್ಣು ಮಾಡಿದ ತಂದೆ. ಹೊರಗಿನ ಘಟನೆಗಳು ನಮ್ಮ ಕೈಯಲ್ಲಿಲ್ಲ, ಅವುಗಳ ಬಗ್ಗೆ ನಾವು ಮಾಡಿಕೊಳ್ಳುವ ತೀರ್ಮಾನ ಮಾತ್ರ ನಮ್ಮ ಕೈಯಲ್ಲಿದೆ ಎಂಬ ಸ್ತೋಯಿಕ್ ತತ್ತ್ವಜ್ಞಾನಿಗಳ ಬೋಧನೆ ಅವನನ್ನು ಹಿಡಿದು ನಿಲ್ಲಿಸಿತು. ಇದರಲ್ಲಿ ದೊಡ್ಡ ಸತ್ಯವಿದೆ. ಸಣ್ಣ ಮಾತಿಗೂ ಕುದಿಯುವ, ನೆರೆಯವರ ಹೊಸ ಕಾರು ಕಂಡರೆ ನಿದ್ದೆಗೆಡುವ ನಮಗೆ ಬಂಡೆಯ ಪಾಠ ಬೇಕೇ ಬೇಕು.

ಆದರೆ ಬಂಡೆಗೆ ಒಂದು ಕೊರತೆಯಿದೆ: ಅದಕ್ಕೆ ಜೀವವಿಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಷ್ಟು ಕಾಲದಲ್ಲಿ ಅದು ಒಂದು ಅಂಗುಲವೂ ಬೆಳೆದಿಲ್ಲ, ಸವೆದಿದೆ ಅಷ್ಟೇ. ನಮ್ಮ ಬಯಲುಸೀಮೆಯ ಬೆಟ್ಟಗಳನ್ನು ಗಮನಿಸಿ. ಬಿಸಿಲಿಗೂ ತಂಪಿಗೂ ಸಿಕ್ಕಿ ಹೆಬ್ಬಂಡೆಗಳು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತವೆ. ಬಿರುಕು ಬಿಟ್ಟ ಬಂಡೆ ಮತ್ತೆ ಕೂಡುವುದಿಲ್ಲ. ಏನೂ ತಟ್ಟದಂತೆ ಬದುಕಲು ಹೊರಟ ಮನುಷ್ಯನ ಪಾಡೂ ಹಾಗೆಯೇ. ನೋವು ತಟ್ಟದಂತೆ ಹಾಕಿಕೊಂಡ ಕವಚದೊಳಗೆ ಪ್ರೀತಿಯೂ ಇಳಿಯುವುದಿಲ್ಲ. ಮಕ್ಕಳು ಓಡಿ ಬಂದು ಅಪ್ಪಿಕೊಂಡರೂ ಕಲ್ಲನ್ನು ಅಪ್ಪಿದಂತೆ.

“ಹಾಗಾದರೆ ಯೇಸುಸ್ವಾಮಿಯೇ ಬಂಡೆಯ ಮಾತು ಹೇಳಲಿಲ್ಲವೇ?” ಎಂದು ನೀವು ಕೇಳಬಹುದು. ಹೇಳಿದ್ದಾರೆ. ಆದರೆ ಆ ಸಾಮತಿಯನ್ನು ಗಮನವಿಟ್ಟು ಓದಿ. ನೀವು ಬಂಡೆಯಾಗಿರಿ ಎಂದು ಅವರು ಹೇಳಲಿಲ್ಲ; ಬಂಡೆಯ ಮೇಲೆ ಮನೆ ಕಟ್ಟಿದವನ ಕಥೆ ಹೇಳಿದರು. ಬಂಡೆ ಎಂಬ ಹೆಸರು ಪಡೆದ ಪೇತ್ರ ಕೋಳಿ ಕೂಗುವ ಮೊದಲೇ ಮೂರು ಸಲ ಅಲುಗಾಡಿದ. ಗಟ್ಟಿತನ ನಮ್ಮೊಳಗಿನಿಂದ ಹುಟ್ಟುವುದಕ್ಕಿಂತ, ನಾವು ಯಾವುದರ ಮೇಲೆ ನಿಂತಿದ್ದೇವೆ ಎಂಬುದರಿಂದ ಬರುತ್ತದೆ.

ತೆಂಗಿನ ಮರ ಹೇಗೆ ನಿಲ್ಲುತ್ತದೆ?

ಈಗ ಮರದ ಬಳಿಗೆ ಬನ್ನಿ. ದೂರದ ಮರ ಬೇಡ, ನಮ್ಮ ಹಿತ್ತಲಿನ ತೆಂಗೇ ಸಾಕು. ಮುಂಗಾರಿನ ಗಾಳಿ ಬೀಸುವಾಗ ಅದನ್ನು ನೋಡಿದವರಿಗೆ ಭಯವಾಗುತ್ತದೆ. ಅಷ್ಟೆತ್ತರದ ಮರ ತೂಗಿ ತೊನೆದು ಇನ್ನೇನು ಮನೆಯ ಮೇಲೆ ಬಿತ್ತು ಎನ್ನುವಂತೆ ಬಾಗುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ನೆಟ್ಟಗೆ ನಿಂತಿರುತ್ತದೆ. ಅದು ಹೇಗೆ ನಿಲ್ಲುತ್ತದೆ?

ತೆಂಗಿಗೆ ಆಳಕ್ಕೆ ಇಳಿಯುವ ತಾಯಿಬೇರು ಇಲ್ಲ. ಬುಡದ ಸುತ್ತಲಿನಿಂದ ಹೊರಡುವ ಸಾವಿರಾರು ತೆಳ್ಳಗಿನ ಬೇರುಗಳು ಮಣ್ಣನ್ನು ಹಿಡಿದುಕೊಂಡಿರುತ್ತವೆ. ಒಂದೊಂದು ಬೇರೂ ನಮ್ಮ ಕಿರುಬೆರಳಿಗಿಂತ ದಪ್ಪವಿಲ್ಲ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ನಮ್ಮ ಆತ್ಮಿಕ ಜೀವನದಲ್ಲಿಯೂ ನಾವು ಅನೇಕ ವೇಳೆ ಒಂದು ದೊಡ್ಡ ಅನುಭವಕ್ಕಾಗಿ ಕಾಯುತ್ತೇವೆ: ಒಂದು ಧ್ಯಾನಕೂಟ, ಒಂದು ಯಾತ್ರೆ, ಒಂದು ಪವಾಡ. ಅವು ಬರಲಿ. ಆದರೆ ಗಾಳಿಯ ದಿನ ನಮ್ಮನ್ನು ಹಿಡಿಯುವುದು ದಿನನಿತ್ಯದ ಸಣ್ಣ ಬೇರುಗಳು: ಸಂಜೆ ಮನೆಯವರು ಕೂಡಿ ಹೇಳುವ ಜಪಸರ, ಕೊಟ್ಟ ಮಾತಿನಂತೆ ನಡೆಯುವುದು, ಒಟ್ಟಿಗೆ ಕುಳಿತು ಉಣ್ಣುವ ಒಂದು ಹೊತ್ತಿನ ಊಟ, ವಾರಕ್ಕೊಮ್ಮೆ ವಯಸ್ಸಾದ ತಾಯಿಗೆ ಮಾಡುವ ಫೋನು. ಇವುಗಳಲ್ಲಿ ಯಾವುದೂ ಹೊರಗೆ ಕಾಣುವಂಥದ್ದಲ್ಲ. ಬೇರುಗಳೂ ಕಾಣುವುದಿಲ್ಲ.

ಇನ್ನು ಗರಿಗಳು. ಅವು ಗಾಳಿಗೆ ಅಡ್ಡ ನಿಲ್ಲುವುದಿಲ್ಲ. ಎಳೆಎಳೆಯಾಗಿ ಸೀಳಿಕೊಂಡಿರುವ ಗರಿ ಗಾಳಿಯನ್ನು ತನ್ನ ನಡುವಿನಿಂದ ಹೋಗಗೊಡುತ್ತದೆ. ಚೆನ್ನಾಗಿ ಬೆಳೆದ ಮರ ಸುಮಾರು ತಿಂಗಳಿಗೊಂದು ಹೊಸ ಗರಿಯನ್ನು ಬಿಡುತ್ತದೆ, ಹಳೆಯದೊಂದು ಉದುರುತ್ತದೆ. ಬಿರುಗಾಳಿ ಹಲವು ಗರಿಗಳನ್ನು ಮುರಿದು ಹಾಕಿದರೂ ಮರ ಸಾಯುವುದಿಲ್ಲ. ಏಕೆಂದರೆ ತೆಂಗಿನ ಜೀವ ಇರುವುದು ಗರಿಗಳಲ್ಲಲ್ಲ, ನೆತ್ತಿಯ ನಡುವೆ ಮಟ್ಟೆಗಳ ಮರೆಯಲ್ಲಿ ಅಡಗಿರುವ ಸುಳಿಯಲ್ಲಿ. ಮಾವು, ಹಲಸುಗಳಂತೆ ಅದಕ್ಕೆ ಕೊಂಬೆಗೊಂದು ಕುಡಿಯಿಲ್ಲ. ಇರುವುದು ಒಂದೇ ಸುಳಿ. ಸುಳಿ ಉಳಿದರೆ ಮರ ಮತ್ತೆ ಗರಿಯೊಡೆಯುತ್ತದೆ. ಸುಳಿ ಕೊಳೆತರೆ, ಸುತ್ತ ಎಷ್ಟು ಹಸಿರು ಗರಿಗಳಿದ್ದರೂ ಮರ ಉಳಿಯುವುದಿಲ್ಲ.

ಪ್ರಿಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಿಮ್ಮ ಜೀವನದಲ್ಲಿ ಗರಿ ಯಾವುದು, ಸುಳಿ ಯಾವುದು? ಹುದ್ದೆ, ಊರಿನಲ್ಲಿ ಹೆಸರು, ಮಕ್ಕಳ ರ‍್ಯಾಂಕು, ಬ್ಯಾಂಕಿನ ಠೇವಣಿ, ಇವೆಲ್ಲ ಗರಿಗಳು. ಬೇಕು, ಅವು ಇಲ್ಲದೆ ಬದುಕು ಕಷ್ಟ. ಉದುರಿದರೆ ನೋವಾಗುತ್ತದೆ. ಆದರೆ ಅವು ನೀವಲ್ಲ. ಸುಳಿ ಎಂದರೆ ದೇವರೊಡನೆ ಒಬ್ಬಂಟಿಯಾಗಿ ನಿಲ್ಲುವ ನಿಮ್ಮ ಮನಸ್ಸಾಕ್ಷಿ, ಪ್ರೀತಿಸುವ ನಿಮ್ಮ ಶಕ್ತಿ. ಗರಿಯನ್ನು ಉಳಿಸಿಕೊಳ್ಳಲು ಸುಳಿಯನ್ನು ಕೊಟ್ಟವರನ್ನು ನಾವು ನೋಡಿದ್ದೇವೆ: ಬಡ್ತಿಗಾಗಿ ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದವರು, ಗೇಣುದ್ದದ ಜಾಗಕ್ಕಾಗಿ ಒಡಹುಟ್ಟಿದವನೊಡನೆ ಮಾತು ಬಿಟ್ಟವರು. ಹೊರಗೆ ಹಸಿರಾಗಿಯೇ ಕಾಣುತ್ತಾರೆ. ಕಳೆದುಕೊಂಡದ್ದು ಏನೆಂದು ಅವರಿಗೆ ಮಾತ್ರ ಗೊತ್ತು.

ಮಾಯದ ಗಾಯಗಳು

ತೆಂಗಿನ ಬಗ್ಗೆ ಇನ್ನೂ ಒಂದು ಮಾತಿದೆ. ಮಾವಿನ ಮರಕ್ಕೆ ಕೊಡಲಿಯೇಟು ಬಿದ್ದರೆ ಕೆಲವು ವರ್ಷಗಳಲ್ಲಿ ಹೊಸ ತೊಗಟೆ ಬೆಳೆದು ಗಾಯವನ್ನು ಮುಚ್ಚುತ್ತದೆ. ತೆಂಗಿನ ಕಾಂಡದಲ್ಲಿ ಹಾಗೆ ಬೆಳೆದು ಮುಚ್ಚುವ ಪದರವೇ ಇಲ್ಲ. ಮರ ಹತ್ತಲು ಕಡಿದ ಮೆಟ್ಟಿಲಿನ ಕಚ್ಚುಗಳು ಮೂವತ್ತು ವರ್ಷ ಕಳೆದರೂ ಹಾಗೆಯೇ ಇರುತ್ತವೆ. ಆದರೂ ಆ ಮರ ಕಾಯಿ ಬಿಡುತ್ತದೆ.

“ಕಾಲವೇ ಎಲ್ಲವನ್ನೂ ಮಾಯಿಸುತ್ತದೆ” ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಈ ಮಾತು ನಿಲ್ಲುವುದಿಲ್ಲ. ಕೆಲವು ಗಾಯಗಳು ಮಾಯುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ಮಗುವಿನ ಹುಟ್ಟಿದ ದಿನ ಬಂದಾಗ ಆಕೆಯ ಎದೆ ಹಿಂಡುತ್ತದೆ. ಇದರಿಂದ ಆಕೆಯ ವಿಶ್ವಾಸ ದುರ್ಬಲ ಎಂದಾಗುವುದಿಲ್ಲ. ಗಾಯ ಮಾಯಲೇಬೇಕು ಎಂಬ ಒತ್ತಾಯವನ್ನು ನಾವು ಕೈಬಿಟ್ಟರೆ, ಗಾಯದೊಂದಿಗೇ ಫಲ ಕೊಡಬಹುದು ಎಂಬ ಭರವಸೆ ಅಂಥವರಿಗೆ ಉಳಿಯುತ್ತದೆ. ಪುನರುತ್ಥಾನಗೊಂಡ ಯೇಸುವಿನ ಕೈಗಳಲ್ಲಿಯೂ ಮೊಳೆಯ ಗುರುತುಗಳು ಹಾಗೆಯೇ ಇದ್ದವು ಎಂದು ಯೊವಾನ್ನರ ಶುಭಸಂದೇಶ ನಮಗೆ ತಿಳಿಸುತ್ತದೆ.

ಆದರೆ ರೈತರಿಗೆ ಗೊತ್ತಿರುವ ಎಚ್ಚರಿಕೆಯೊಂದು ಇಲ್ಲಿದೆ. ಕೆಂಪು ಮೂತಿ ಹುಳು ಮೊಟ್ಟೆಯಿಡಲು ಹುಡುಕುವುದು ಇಂಥ ಗಾಯಗಳನ್ನೇ. ಮರಿಹುಳುಗಳು ಕಾಂಡವನ್ನು ಒಳಗಿನಿಂದ ತಿನ್ನುತ್ತವೆ. ಹೊರಗೆ ಬಹಳ ಕಾಲ ಏನೂ ಗೊತ್ತಾಗುವುದಿಲ್ಲ. ಒಂದು ದಿನ ತಲೆಯೇ ಮುರಿದು ಬೀಳುತ್ತದೆ. ತಿಳಿದವರು ಕಾಂಡಕ್ಕೆ ಕಿವಿಗೊಟ್ಟು ಒಳಗೆ ಹುಳು ತಿನ್ನುವ ಸದ್ದನ್ನು ಆಲಿಸುತ್ತಾರೆ, ಗಾಯವಾದ ಜಾಗಕ್ಕೆ ಕೂಡಲೇ ಔಷಧ ಬಳಿಯುತ್ತಾರೆ. ನಮ್ಮ ಮನೆಗಳಲ್ಲಿಯೂ “ಅವಳಿಗೇನು, ಗಟ್ಟಿಗಿತ್ತಿ” ಎಂದು ನಾವು ಬಿಟ್ಟುಬಿಡುವವರು ಇದ್ದಾರೆ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮೊದಲಿನ ನಗುವಿಲ್ಲ. ಅಂಥವರ ಬಳಿ ಕುಳಿತು ಕಿವಿಗೊಡಿ. ಬೇಕಾದರೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮನಸ್ ಸಹಾಯವಾಣಿಗೆ (14416) ಫೋನು ಮಾಡಿದರೆ ಕನ್ನಡದಲ್ಲಿಯೂ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ. ಮರಕ್ಕೆ ಮದ್ದು ಬಳಿಯುವ ನಾವು ಮನುಷ್ಯರಿಗೆ ಬೇಡವೆನ್ನಬಹುದೇ?

ಕೆರೆಗೊಂದು ಕೋಡಿ

ನಮ್ಮ ಪೂರ್ವಜರು ಕೆರೆ ಕಟ್ಟುವಾಗ ಏರಿಯನ್ನು ಮಾತ್ರ ಕಟ್ಟಲಿಲ್ಲ. ಗದ್ದೆಗೆ ನೀರು ಬಿಡಲು ತೂಬನ್ನೂ, ಹೆಚ್ಚಾದ ನೀರು ಹರಿದುಹೋಗಲು ಕೋಡಿಯನ್ನೂ ಇಟ್ಟರು. ಮಳೆಯ ನೀರಿನ ಸ್ವಭಾವ ಅವರಿಗೆ ಗೊತ್ತಿತ್ತು. ಕೋಡಿಯಿಲ್ಲದ ಕೆರೆಯ ಏರಿ ಎಷ್ಟೇ ದಪ್ಪವಿರಲಿ, ಒಂದು ದೊಡ್ಡ ಮಳೆಗೆ ಒಡೆಯುತ್ತದೆ. ಒಡೆದರೆ ಕೆಳಗಿನ ಊರೂ ಕೊಚ್ಚಿಹೋಗುತ್ತದೆ. ಕೆರೆ ಕೋಡಿ ಹರಿದಾಗ ಊರಿನವರು ಸೋತೆವೆಂದು ಅಳುವುದಿಲ್ಲ, ಬಾಗಿನ ಅರ್ಪಿಸಿ ಸಂಭ್ರಮಿಸುತ್ತಾರೆ.

ಕಣ್ಣೀರು ಮನಸ್ಸಿನ ಕೋಡಿ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳಿನ ಪ್ರಾರ್ಥನೆಗಳೇ ಆಗಿವೆ. ದೇವರ ಮುಂದೆ ದೂರು, ಸಿಟ್ಟು, ಭಯಗಳನ್ನು ಸುರಿದ ಆ ಭಕ್ತರನ್ನು ಧರ್ಮಸಭೆ ಅವಿಶ್ವಾಸಿಗಳೆಂದು ಕರೆಯಲಿಲ್ಲ; ಅವರ ಮಾತುಗಳನ್ನೇ ತನ್ನ ಪ್ರತಿದಿನದ ಪ್ರಾರ್ಥನೆಯಾಗಿ ಮಾಡಿಕೊಂಡಿತು. ಯೇಸುವನ್ನೇ ನೋಡಿ. ಬಿರುಗಾಳಿಯಲ್ಲಿ ದೋಣಿ ಮುಳುಗುವಂತಿದ್ದಾಗ ನಿದ್ರಿಸಿದ ಅದೇ ಯೇಸು, ಗೆಳೆಯ ಲಾಜರನ ಸಮಾಧಿಯ ಬಳಿ ಎಲ್ಲರೆದುರು ಅತ್ತರು. ಗೆತ್ಸೆಮನೆ ತೋಪಿನಲ್ಲಿ ತಮ್ಮ ವೇದನೆಯನ್ನು ಶಿಷ್ಯರಿಂದ ಬಚ್ಚಿಡಲಿಲ್ಲ. ತಮ್ಮೊಡನೆ ಎಚ್ಚರವಾಗಿರಿ ಎಂದು ಬೇಡಿಕೊಂಡರು. ಅವರು ನಡುಗಿದರು, ಆದರೆ ತಂದೆಯ ಚಿತ್ತದಿಂದ ಕದಲಲಿಲ್ಲ. ನಾವು ಹುಡುಕುತ್ತಿರುವ ಸ್ಥಿರತೆ ಇದೇ. ಮೇಲೆ ಅಲೆಯೆದ್ದರೂ, ಕಣ್ಣಲ್ಲಿ ನೀರಿದ್ದರೂ, ಹಿಡಿದದ್ದನ್ನು ಬಿಡದಿರುವುದು.

ಮಣ್ಣೇ ಕೊಚ್ಚಿಹೋದಾಗ

ಇಲ್ಲಿ ಕಷ್ಟದ ಪ್ರಶ್ನೆಯೊಂದು ಎದುರಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಬದಿಯಲ್ಲಿ ಹಾದುಹೋದಾಗ ಸಮುದ್ರ ದಡವನ್ನು ಕೊರೆಯಿತು. ಕಡಲ್ಕೊರೆತಕ್ಕೆ ತೆಂಗಿನ ಮರಗಳು ಉರುಳುವುದನ್ನು ಕರಾವಳಿಯವರು ಮಳೆಗಾಲಗಳಲ್ಲಿ ನೋಡುತ್ತಲೇ ಇರುತ್ತಾರೆ. ಆ ಮರಗಳ ಕಾಂಡ ದುರ್ಬಲವಾಗಿರಲಿಲ್ಲ, ಬೇರು ಕಡಿಮೆಯಿರಲಿಲ್ಲ, ಸುಳಿ ಕೊಳೆತಿರಲಿಲ್ಲ. ಹಿಡಿದು ನಿಲ್ಲಲು ಮಣ್ಣೇ ಉಳಿಯಲಿಲ್ಲ. ಅಂಥ ಮರಕ್ಕೆ “ಗಟ್ಟಿಯಾಗಿ ನಿಲ್ಲು” ಎಂದು ಉಪದೇಶಿಸುವವನನ್ನು ಏನೆನ್ನಬೇಕು?

ಕೂಲಿ ಸಿಗದ ಸಂಸಾರ, ಮೀಟರ್ ಬಡ್ಡಿಗೆ ಸಿಲುಕಿದ ಅಂಗಡಿಯವ, ಮನೆಯೊಳಗೇ ಏಟು ತಿನ್ನುವ ಹೆಣ್ಣು, ಇವರೆಲ್ಲರ ಕಾಲ ಕೆಳಗಿನ ಮಣ್ಣು ಕುಸಿಯುತ್ತಿದೆ. ಇಲ್ಲಿ ಬೇಕಾದದ್ದು ಉಪದೇಶಕ್ಕಿಂತ ಮೊದಲು ತಡೆಗೋಡೆ. ಸಂತ ತೋಮಸ್ ಅಕ್ವಿನಾಸರು ಧೈರ್ಯ ಎಂಬ ಸದ್ಗುಣವನ್ನು ವಿವರಿಸುವಾಗ, ಅದರ ಮುಖ್ಯ ಕ್ರಿಯೆ ಎದುರಾಳಿಯ ಮೇಲೆ ಬೀಳುವುದಕ್ಕಿಂತ ತಾಳಿ ನಿಲ್ಲುವುದು ಎನ್ನುತ್ತಾರೆ. ಈ ಅರ್ಧವನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಆದರೆ ನ್ಯಾಯವಿಲ್ಲದ ಧೈರ್ಯ ಸದ್ಗುಣವಲ್ಲ ಎಂದೂ ಅವರು ಬೋಧಿಸುತ್ತಾರೆ. ಒಳ್ಳೆಯದರ ಸಲುವಾಗಿ ತಾಳುವುದು ಸದ್ಗುಣ; ಕೆಡುಕು ಬೆಳೆಯಲೆಂದು ತಾಳುವುದು ಯಾರಿಗೂ ಒಳಿತಲ್ಲ, ಹೊಡೆಯುವವನ ಆತ್ಮಕ್ಕೂ ಒಳಿತಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ನಮ್ಮ ದೇಶದಲ್ಲಿದೆ. ಅದರ ನೆರವು ಕೇಳುವ ಸಹೋದರಿ ವಿವಾಹ ಸಂಸ್ಕಾರಕ್ಕೆ ದ್ರೋಹ ಬಗೆಯುವುದಿಲ್ಲ. ಶಿಲುಬೆ ಹೊರುವುದು ಬೇರೆ, ಇನ್ನೊಬ್ಬರ ಪಾಪಕ್ಕೆ ಮರೆಯಾಗಿ ನಿಲ್ಲುವುದು ಬೇರೆ.

ಹೀಗೆ ಕುಸಿಯುವ ಕಾಲದಲ್ಲಿ ತೀರ್ಮಾನ ತೆಗೆದುಕೊಳ್ಳುವುದು ಹೇಗೆ? ಲೊಯೋಲದ ಸಂತ ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಒಂದು ನಿಯಮ ಕೊಟ್ಟಿದ್ದಾರೆ: ಮನಸ್ಸು ಕತ್ತಲಾಗಿ ಪ್ರಾರ್ಥನೆ ಒಣಗಿದ ವೇಳೆಯಲ್ಲಿ, ಬೆಳಕಿನಲ್ಲಿ ಮಾಡಿದ ನಿರ್ಧಾರಗಳನ್ನು ಬದಲಿಸಬೇಡಿ. ನೆತ್ತಿ ಸುಡುವ ಬಿಸಿಲಿನಲ್ಲಿ ರೈತ ಸಸಿಯನ್ನು ಕಿತ್ತು ಬೇರೆಡೆ ನೆಡುವುದಿಲ್ಲ, ಮಳೆಗೆ ಕಾಯುತ್ತಾನೆ. ಜಗಳದ ರಾತ್ರಿ ಸಂಸಾರ ಸಾಕೆನ್ನಬೇಡಿ, ಸೋತ ದಿನ ಓದು ಬಿಡಬೇಡಿ. ಆದರೆ ಜೀವಕ್ಕೆ ಅಪಾಯವಿದ್ದರೆ ಬೆಳಗಿಗಾಗಿ ಕಾಯಬೇಡಿ. ಆ ರಾತ್ರಿಯೇ ಸುರಕ್ಷಿತ ಜಾಗಕ್ಕೆ ಹೋಗಿ.

ಆಲದ ಬಿಳಲುಗಳು

ಕೊನೆಯದಾಗಿ ಆಲದ ಮರ. ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯಲ್ಲಿ ಸುಮಾರು 400 ವರ್ಷ ಹಳೆಯದೆನ್ನಲಾದ ದೊಡ್ಡ ಆಲದ ಮರವಿದೆ. ಹರಡಿರುವ ಜಾಗ ಸುಮಾರು ಮೂರು ಎಕರೆ. ಅದರ ಮೂಲ ಕಾಂಡ ರೋಗಕ್ಕೆ ತುತ್ತಾಗಿ ಇಲ್ಲವಾಗಿದೆ. ಕೋಲ್ಕತ್ತದ ಬಳಿಯ ಹೌರಾದಲ್ಲಿರುವ ಸಸ್ಯೋದ್ಯಾನದ ಮಹಾ ಆಲದ ಕಥೆಯೂ ಇದೇ. 1864 ಮತ್ತು 1867ರ ಚಂಡಮಾರುತಗಳಿಗೆ ಸಿಕ್ಕಿ, ಅನಂತರ ಶಿಲೀಂಧ್ರ ತಗುಲಿ ಕೆಟ್ಟ ಅದರ ಮೂಲ ಕಾಂಡವನ್ನು 1925ರಲ್ಲಿ ತೆಗೆದುಹಾಕಬೇಕಾಯಿತು. ಆದರೂ ಎರಡೂ ಮರಗಳು ಬದುಕಿವೆ. ಹೇಗೆ? ಕೊಂಬೆಗಳಿಂದ ಇಳಿದ ಬಿಳಲುಗಳು ನೆಲ ಮುಟ್ಟಿ, ಬೇರು ಬಿಟ್ಟು, ಕಂಬಗಳಾಗಿ ಮರವನ್ನು ಹೊತ್ತು ನಿಂತಿವೆ.

ಈ ಬಿಳಲುಗಳು ಕಾಂಡ ಬಿದ್ದ ದಿನ ಹುಟ್ಟಿದವಲ್ಲ. ಎಷ್ಟೋ ವರ್ಷಗಳ ಮೊದಲು, ಮರ ಚೆನ್ನಾಗಿದ್ದಾಗಲೇ, ನಿಧಾನವಾಗಿ ಕೆಳಗಿಳಿದಿದ್ದವು. ಮನೆಯ ಆಧಾರಸ್ತಂಭವಾಗಿದ್ದ ತಂದೆಯೋ ತಾಯಿಯೋ ಹೋದ ಮೇಲೆ ಕೆಲವು ಕುಟುಂಬಗಳು ಚದುರಿಹೋಗುತ್ತವೆ, ಕೆಲವು ನಿಲ್ಲುತ್ತವೆ. ನಿಂತ ಮನೆಗಳನ್ನು ನೋಡಿ: ಅಲ್ಲಿ ಅಣ್ಣತಮ್ಮಂದಿರ ನಡುವೆ ಮಾತಿತ್ತು, ನೆರೆಯವರೊಡನೆ ಕೊಡುಕೊಳ್ಳುವಿಕೆಯಿತ್ತು, ಚಿಕ್ಕವರಿಗೂ ಮನೆಯ ಹೊಣೆಯಲ್ಲಿ ಪಾಲು ಸಿಕ್ಕಿತ್ತು. ಅಂತರಂಗದ ಸ್ಥಿರತೆ ಎಂದರೆ ಒಬ್ಬಂಟಿಯಾಗಿ ನಿಲ್ಲುವ ಶಕ್ತಿ ಎಂದು ನಾವು ಭಾವಿಸುತ್ತೇವೆ. ಆದರೆ ನಮ್ಮನ್ನು ಹೊತ್ತವರು ಅನೇಕರು. ಅದನ್ನು ಒಪ್ಪಿಕೊಳ್ಳುವವನು ಬೀಳುವಾಗ ಕೈ ಚಾಚುತ್ತಾನೆ. ಒಪ್ಪದವನು ಮೌನವಾಗಿ ಬೀಳುತ್ತಾನೆ.

ಆದ್ದರಿಂದ ಪ್ರಿಯ ಓದುಗರೇ, ಈ ವಾರ ಮೂರು ಕೆಲಸ ಮಾಡೋಣ. ದಿನಕ್ಕೆ ಹತ್ತು ನಿಮಿಷವಾದರೂ ಟಿ.ವಿ., ಮೊಬೈಲುಗಳನ್ನು ಬದಿಗಿಟ್ಟು ದೇವರ ಮುಂದೆ ಸುಮ್ಮನೆ ಕುಳಿತು ನಮ್ಮ ಸುಳಿಯನ್ನು ನೋಡಿಕೊಳ್ಳೋಣ. ಎದೆಯಲ್ಲಿ ತುಂಬಿ ನಿಂತದ್ದನ್ನು ಪ್ರಾರ್ಥನೆಯಲ್ಲಿ, ಪಾಪನಿವೇದನೆಯಲ್ಲಿ, ನಂಬಿಕೆಯ ಒಬ್ಬ ಗೆಳೆಯನ ಮುಂದೆ ಕೋಡಿ ಹರಿಯಲು ಬಿಡೋಣ. ಮತ್ತು ಕಷ್ಟದಲ್ಲಿರುವ ಮನೆಯ ಮೆಟ್ಟಿಲು ಹತ್ತಿದಾಗ “ಗಟ್ಟಿಯಾಗಿರಿ” ಎಂಬ ಮಾತನ್ನು ಸ್ವಲ್ಪ ಹಿಂದಕ್ಕಿಡೋಣ. ಅವರ ಪಕ್ಕದಲ್ಲಿ ಕುಳಿತುಕೊಳ್ಳೋಣ, ಅವರ ಮಕ್ಕಳಿಗೆ ಒಂದು ಹೊತ್ತು ಅನ್ನ ಮಾಡಿ ಹಾಕೋಣ, ಹದಿನೈದು ದಿನ ಬಿಟ್ಟು ಎಲ್ಲರೂ ಮರೆತ ಮೇಲೆ ಮತ್ತೊಮ್ಮೆ ಹೋಗೋಣ. ಯಾರಿಗೆ ಗೊತ್ತು, ಒಂದು ಮನೆ ನಿಲ್ಲಲು ದೇವರು ಕಳುಹಿಸಿದ ಬಿಳಲು ನೀವೇ ಆಗಿರಬಹುದು.